ಬಯಲ ಬೆಳಕನ್ನು ಬರೆದವರು

1841ರಲ್ಲಿ ತಗಡಿನ ಬಣ್ಣದ ನಳಿಗೆ ಹುಟ್ಟಿದ ಮೇಲೆ ಚಿತ್ರಗಾರನು ಬಯಲಿನಲ್ಲಿಯೇ ಕುಳಿತು ಬರೆಯುವುದು ಸುಲಭವಾಯಿತು. ಫ್ರಾನ್ಸ್ ದೇಶದ ಕೆಲವರು ಸೇನ್ ನದೀತೀರದ ಹಳ್ಳಿಗಳ ಬೆಳಕನ್ನು ಹೀಗೆಯೇ ಹಿಡಿದರು. 1874ರ ಪ್ಯಾರಿಸ್ ಪ್ರದರ್ಶನದಲ್ಲಿ ವಿಮರ್ಶಕನೊಬ್ಬನು ಮೋನೆಯ ಚಿತ್ರವೊಂದರ ಹೆಸರಿನಿಂದಲೇ ಅವರನ್ನು ‘ಇಂಪ್ರೆಷನಿಸ್ಟರು’ ಎಂದು ಹಳಿದನು, ಹಳಿವೇ ಬಿರುದಾಯಿತು.

ಕನ್ನಡನಾಡಿನಲ್ಲಿ ಈ ಮಾರ್ಗವನ್ನು ತಮ್ಮದಾಗಿಸಿಕೊಂಡವರು ರುಮಾಲೆ ಚನ್ನಬಸವಯ್ಯನವರು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಇವರು ಬೆಂಗಳೂರಿನ ಕಲಾಮಂದಿರದಲ್ಲಿ ಅಭ್ಯಾಸಮಾಡಿದರು. ಅಷ್ಟರಲ್ಲಿ ಸ್ವಾತಂತ್ರ್ಯಸಮರವು ಕರೆಯಿತು. ಕುಂಚ ಹಿಡಿದ ಕೈ ಸೇವಾದಳದ ಕಾರ್ಯಕ್ಕೂ ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವಕ್ಕೂ ಸಂದಿತು. ಕಲಾವಿದನಿಗೆ ಯೌವನದ ವರ್ಷಗಳ ಬೆಲೆಯನ್ನು ಬಲ್ಲವರಿಗೆ ಇದು ಅಲ್ಪತ್ಯಾಗವೆಂದು ತೋರದು.

1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಅವರು ಪುನಃ ಕುಂಚ ಹಿಡಿದರು. ಗುಲ್‌ಮೊಹರ್, ಜಕರಂಡಗಳು ಹೂತುಂಬಿದ ಬೆಂಗಳೂರಿನ ಬೀದಿಗಳನ್ನು ಬರೆದರು. ಅವರ ದಪ್ಪಬಣ್ಣದ ಬಿಡಿಬಿಡಿ ಎಳೆತಗಳು ಮೋನೆಗಿಂತ ವಾನ್ ಗೋನನ್ನೇ ಹೆಚ್ಚಾಗಿ ನೆನಪಿಗೆ ತರುವುವು. ಗುಲ್‌ಮೊಹರಿನ ತವರು ಮಡಗಾಸ್ಕರ್. ಜಕರಂಡದ್ದು ದಕ್ಷಿಣ ಅಮೆರಿಕ. ಕುಂಚದ ರೀತಿಯದು ಯೂರೋಪು. ಬಿಸಿಲೊಂದು ಮಾತ್ರ ಅಪ್ಪಟ ಬೆಂಗಳೂರಿನದು. ರಸ್ತೆಗಳನ್ನು ಅಗಲಿಸುವ ಕಾರ್ಯಕ್ಕೆ ಅಂತಹ ಎಷ್ಟೋ ಸಾಲುಮರಗಳು ಮುಂದೆ ಉರುಳಿದುವು.

ಚನ್ನಬಸವಯ್ಯನವರು 1988ರಲ್ಲಿ ಕಾಲವಾದರು. ವಿಜಯನಗರದ ನೆರೆಯ ರಾಜಾಜಿನಗರದಲ್ಲಿ, ಅವರ ಹೆಸರನ್ನೇ ಹೊತ್ತ ಕಲಾಮನೆಯಲ್ಲಿ, ಆ ಚಿತ್ರಗಳನ್ನು ಕಾಪಾಡಿಡಲಾಯಿತು.