ಬೆಳಕಿನ ತಕ್ಕಡಿ

ನೀರು ತುಂಬಿದ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದನ್ನು ನಾವೆಲ್ಲರೂ ನೋಡಿದ್ದೇವೆ. ನೀರು ಮತ್ತು ಗಾಳಿಯ ಗಡಿಯನ್ನು ದಾಟುವಾಗ ಬೆಳಕು ತನ್ನ ದಾರಿ ಬದಲಿಸುವುದೇ ಇದಕ್ಕೆ ಕಾರಣ. ಇದನ್ನು ವಕ್ರೀಭವನ ಎನ್ನುತ್ತಾರೆ. ಬೆಳಕು ಬಾಗುವ ಪ್ರಮಾಣ ಒಂದೊಂದು ದ್ರವದಲ್ಲಿ ಒಂದೊಂದು ತೆರನಾಗಿರುತ್ತದೆ. ಅದನ್ನು ಅಂಕಿಯಲ್ಲಿ ಅಳೆದು ಹೇಳುವ ಉಪಕರಣವೇ ರಿಫ್ರಾಕ್ಟೋಮೀಟರ್. ಔಷಧ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಈ ಉಪಕರಣದ ಹಿಂದೆ ಸಾವಿರ ವರ್ಷಗಳ ಚರಿತ್ರೆಯಿದೆ.

ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಬೆಳಕು ಬಾಗುವ ಕೋನಗಳ ಪಟ್ಟಿ ತಯಾರಿಸಿದ್ದನು. ಆದರೆ ಅದರ ಹಿಂದಿನ ನಿಯಮ ಅವನಿಗೆ ದಕ್ಕಲಿಲ್ಲ. 984ರ ಸುಮಾರಿಗೆ ಬಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್, ಉರಿಗನ್ನಡಿ ಮತ್ತು ಮಸೂರಗಳ ಕುರಿತ ತನ್ನ ಗ್ರಂಥದಲ್ಲಿ ಆ ನಿಯಮವನ್ನು ರೇಖಾಗಣಿತದ ಚಿತ್ರವಾಗಿ ಬರೆದಿಟ್ಟನು. ಡಮಾಸ್ಕಸ್ ಮತ್ತು ತೆಹ್ರಾನಿನಲ್ಲಿ ಚದುರಿಹೋಗಿದ್ದ ಅದರ ಹಸ್ತಪ್ರತಿಯನ್ನು ಕೂಡಿಸಿ ಇತಿಹಾಸಕಾರ ರುಶ್ದೀ ರಾಶಿದ್ 1990ರಲ್ಲಿ ಜಗತ್ತಿನ ಮುಂದಿಟ್ಟರು. ಅಷ್ಟರಲ್ಲಿ ಆ ನಿಯಮ, 1621ರಲ್ಲಿ ಅದನ್ನು ಸ್ವತಂತ್ರವಾಗಿ ಕಂಡುಕೊಂಡ ಹಾಲೆಂಡಿನ ಸ್ನೆಲ್‌ನ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನು ಸೇರಿಯಾಗಿತ್ತು. ಜರ್ಮನಿಯ ಯೇನಾದಲ್ಲಿ ಅರ್ನ್ಸ್ಟ್ ಅಬೆ 1874ರಲ್ಲಿ ವಿವರಿಸಿದ ಉಪಕರಣವು ಈ ನಿಯಮವನ್ನು ಪ್ರಯೋಗಾಲಯದ ಮೇಜಿನ ಮೇಲೆ ತಂದಿರಿಸಿತು.

ಮೊದಲು ಕಂಡುಹಿಡಿದವರು ನಮ್ಮವರೆಂದು ಹೆಮ್ಮೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಆ ನಾಗರಿಕತೆಯಲ್ಲಿ ವಿಜ್ಞಾನದ ಜೊತೆಯಲ್ಲೇ ಬೆಳೆದ ಇನ್ನೊಂದು ಸಂಸ್ಥೆಯನ್ನು ನಾವು ಮರೆಯುತ್ತೇವೆ. ಅದು ಹಿಸ್ಬಾ, ಅಂದರೆ ಮಾರುಕಟ್ಟೆಯ ಮೇಲ್ವಿಚಾರಣೆ. ಅದರ ಅಧಿಕಾರಿಯಾದ ಮುಹ್ತಸಿಬ್ ತಕ್ಕಡಿ, ಅಳತೆ ಪಾತ್ರೆಗಳನ್ನು ಮಾತ್ರವಲ್ಲ, ಔಷಧ ಮತ್ತು ಶರಬತ್ತುಗಳನ್ನೂ ಪರೀಕ್ಷಿಸುತ್ತಿದ್ದನು. 12ನೇ ಶತಮಾನದ ಸಿರಿಯಾದ ಶೈಝರಿ ಬರೆದ ಹಿಸ್ಬಾ ಕೈಪಿಡಿಯಲ್ಲಿ ಔಷಧ ಮಾರುವವರ ಕಲಬೆರಕೆಯ ತಂತ್ರಗಳೂ ಅವನ್ನು ಪತ್ತೆ ಹಚ್ಚುವ ಉಪಾಯಗಳೂ ಇವೆ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯವು ಅಲ್ಲಿ ಬರೀ ಪಾರಾಯಣದ ವಿಷಯವಾಗಿರದೆ ಆಡಳಿತದ ಅಂಗವಾಗಿತ್ತು.

ರಿಫ್ರಾಕ್ಟೋಮೀಟರ್ ಇಂದಿನ ಮುಹ್ತಸಿಬನ ಕೈಯಲ್ಲಿರುವ ಒಂದು ತಕ್ಕಡಿ. ಎರಡು ಪ್ರಿಸಮ್‌ಗಳ ನಡುವೆ ಒಂದು ಹನಿ ದ್ರವ ಹಾಕಿ ನೋಡಿದರೆ ಬೆಳಕು ಮತ್ತು ಕತ್ತಲೆಯ ಗಡಿಗೆರೆ ಕಾಣುತ್ತದೆ. ಅದನ್ನು ಅಡ್ಡಗೆರೆಗಳು ಕೂಡುವ ಬಿಂದುವಿಗೆ ತಂದಾಗ ಅಂಕಿ ಸಿಗುತ್ತದೆ. ಶುದ್ಧ ನೀರಿನ ಅಂಕಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.3330, 25 ಡಿಗ್ರಿಯಲ್ಲಿ 1.3325. ಉಷ್ಣತೆ ಸ್ವಲ್ಪ ಏರಿದರೂ ಅಂಕಿ ಬದಲಾಗುವುದರಿಂದ ಔಷಧಕೋಶ ಹೇಳಿದ ಉಷ್ಣತೆಯಲ್ಲೇ ಅಳೆಯಬೇಕು. ಬಳಸುವ ಮೊದಲು ಶುದ್ಧ ನೀರಿನಿಂದ ಉಪಕರಣವನ್ನೇ ಪರೀಕ್ಷಿಸಿ, ಬಂದ ಅಂಕಿಯನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ಮಾದರಿಯ ನಂತರ ತಕ್ಕ ದ್ರಾವಕದಲ್ಲಿ ಅದ್ದಿದ ಮೃದು ಬಟ್ಟೆಯಿಂದ ಪ್ರಿಸಮ್ ಒರೆಸಬೇಕು. ಲೋಹದ ಕಡ್ಡಿ ತಾಗಿದರೆ ಅದು ಗೀರುಬೀಳುತ್ತದೆ. ಹಿಂದಿನ ಹನಿಯ ಅಂಟು ಉಳಿದರೆ ಮುಂದಿನ ಅಂಕಿ ಸುಳ್ಳಾಗುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಗ್ಲಿಸರಿನ್ ಸೇವಿಸಿ 14 ರೋಗಿಗಳು ಸತ್ತರು. ಎರಡೂ ಬಣ್ಣವಿಲ್ಲದ, ಸಿಹಿಯಾದ, ಮಂದ ದ್ರವಗಳು. ನಾಲಿಗೆಗೂ ಕಣ್ಣಿಗೂ ವ್ಯತ್ಯಾಸ ತಿಳಿಯದು. ಆದರೆ ಬೆಳಕಿಗೆ ತಿಳಿಯುತ್ತದೆ. 20 ಡಿಗ್ರಿಯಲ್ಲಿ ಗ್ಲಿಸರಿನ್ನಿನ ಅಂಕಿ ಸುಮಾರು 1.474, ಆ ವಿಷದ್ದು ಸುಮಾರು 1.447. ಗಣನೀಯ ಪ್ರಮಾಣದಲ್ಲಿ ಬೆರೆತರೆ ಅಂಕಿ ಕುಸಿದು ಸಂಶಯ ಹುಟ್ಟಿಸುತ್ತದೆ.

ಆದರೆ ಈ ತಕ್ಕಡಿಗೂ ಮಿತಿಯಿದೆ. ಕುಸಿತಕ್ಕೆ ನೀರು ಕಾರಣವೋ ವಿಷ ಕಾರಣವೋ ಎಂದು ಅದು ಹೇಳಲಾರದು. ಸಿರಪ್‌ಗಳಲ್ಲಿ ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಮತ್ತು ವಿಷವಾದ ಎಥಿಲೀನ್ ಗ್ಲೈಕಾಲ್‌ಗಳ ಅಂಕಿಗಳು ಹೆಚ್ಚುಕಡಿಮೆ ಒಂದೇ, ಸುಮಾರು 1.432. ಅಲ್ಲಿ ಗ್ಯಾಸ್ ಕ್ರೊಮಟೋಗ್ರಫಿ ಎಂಬ ಪರೀಕ್ಷೆ ಅನಿವಾರ್ಯ. ಒಂದು ಅಂಕಿ ಸರಿ ಬಂದಿತೆಂದು ಉಳಿದ ಪರೀಕ್ಷೆಗಳನ್ನು ಕೈಬಿಡುವವನಿಗೆ ಉಪಕರಣವೇ ನೆಪವಾಗಿಬಿಡುತ್ತದೆ.

1986ರ ಪಾಠವನ್ನು ನಾವು ಕಲಿತಿಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಇದೇ ವಿಷಗಳು ಸಿಕ್ಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ಪತ್ತೆಹಚ್ಚುವ ವಿದ್ಯೆ ನಮ್ಮಲ್ಲಿ ಇಲ್ಲದ್ದರಿಂದ ಇವು ನಡೆಯಲಿಲ್ಲ. ಪರೀಕ್ಷಿಸಬೇಕಾದುದನ್ನು ಪರೀಕ್ಷಿಸಬೇಕಾದವರು ಪರೀಕ್ಷಿಸಲಿಲ್ಲ, ಅಷ್ಟೇ.

ಇಬ್ನ್ ಸಹ್ಲ್‌ನ ಹೆಸರನ್ನು ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಪ್ರಯೋಗಾಲಯದಲ್ಲಿ ಮೇಲಧಿಕಾರಿಯ ಅವಸರಕ್ಕೆ ಮಣಿಯದೆ, ಪ್ರಿಸಮ್ ಒರೆಸಿ, ಕಂಡ ಅಂಕಿಯನ್ನೇ ಬರೆಯುವುದು ಕಷ್ಟ. ಹಾಗೆ ಬರೆಯುವವರು ಯಾವ ಧರ್ಮದವರೇ ಆಗಿರಲಿ, ಆ ಪರಂಪರೆಯ ನಿಜವಾದ ವಾರಸುದಾರರು ಅವರೇ.