ಅಬಕಾರಿ ಮೊಕದ್ದಮೆಯಲ್ಲಿ ಹಳೆಯ ಶಿಕ್ಷೆಯ ರುಜುವಾತು: ಒಂದು ಚಾರಿತ್ರಿಕ ಟಿಪ್ಪಣಿ

2024ರವರೆಗೆ ಜಾರಿಯಲ್ಲಿದ್ದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 54ನೇ ಕಲಮು, ತನ್ನ ಮೊದಲ ರೂಪದಲ್ಲಿ, ಆರೋಪಿಗೆ ಹಿಂದೆ ಶಿಕ್ಷೆಯಾಗಿದ್ದರೆ ಆ ಸಂಗತಿಯೂ ವಿಚಾರಣೆಗೆ ಪ್ರಸ್ತುತವೆಂದು ಹೇಳುತ್ತಿತ್ತು. ಒಮ್ಮೆ ಕಳ್ಳಸಾರಾಯಿ ಮಾರಿ ಸಿಕ್ಕಿಬಿದ್ದವನು ಮತ್ತೆ ಕಟಕಟೆ ಹತ್ತಿದರೆ, ಹಳೆಯ ತೀರ್ಪೇ ಅವನ ವಿರುದ್ಧ ಅರ್ಧ ಸಾಕ್ಷಿ ನುಡಿದಂತಾಗುತ್ತಿತ್ತು. 1891ರ ತಿದ್ದುಪಡಿ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಆರೋಪಿ ತಾನು ಸಚ್ಚಾರಿತ್ರ್ಯದವನೆಂದು ಸಾಕ್ಷ್ಯ ಕೊಟ್ಟರೆ ಮಾತ್ರ, ಅದಕ್ಕೆ ಉತ್ತರವಾಗಿ ಅವನ ದುರ್ನಡತೆಯ ಮಾತು ಬರಬಹುದು. ಹಳೆಯ ಶಿಕ್ಷೆಯೂ ಆ ದಾರಿಯಲ್ಲೇ ಬರಬೇಕು. ದುರ್ನಡತೆಯೇ ವಿವಾದದ ವಿಷಯವಾಗಿದ್ದರೆ ಮಾತು ಬೇರೆ. ಅಬಕಾರಿ ಚರಿತ್ರೆಯೆಂದರೆ ಗುತ್ತಿಗೆ, ಹರಾಜು, ವರಮಾನ ಎಂದುಕೊಂಡವರು ಈ ತಿರುವನ್ನು ಗಮನಿಸುವುದು ಕಡಿಮೆ. ವಕೀಲರ ಬಲವಿಲ್ಲದ ಬಡ ಆರೋಪಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೊಂದಿಲ್ಲವೆಂದು ನಾನು ತಿಳಿದಿದ್ದೇನೆ.

ಹಾಗಾದರೆ ಈ ಸಲದ ಮಾರಾಟವನ್ನು ಅದರದೇ ಸಾಕ್ಷ್ಯದಿಂದ ಸಾಬೀತುಪಡಿಸಬೇಕು. ದಾಳಿಯ ಸ್ಥಳದಲ್ಲಿ ಪಂಚರ ಮುಂದೆ ಸೀಸೆಗಳನ್ನು ಎಣಿಸಿ, ಮಾದರಿ ತೆಗೆದು, ಬಾಯಿಗೆ ಬಟ್ಟೆ ಕಟ್ಟಿ, ದಾರ ಬಿಗಿದು, ಅರಗು ಸುರಿದು ಮೊಹರು ಒತ್ತುತ್ತಾರೆ. ಪಂಚರ ರುಜು ಇರುವ ಚೀಟಿ ಅಂಟಿಸುತ್ತಾರೆ. ರಾಸಾಯನಿಕ ಪರೀಕ್ಷಕರ ಮೇಜು ತಲುಪುವವರೆಗೆ ಆ ಮೊಹರು ಒಡೆಯಬಾರದು. ಒಡೆದಿದ್ದರೆ ಪರೀಕ್ಷೆಗೆ ಒಳಗಾದದ್ದು ಯಾವ ದ್ರವ ಎಂಬ ಪ್ರಶ್ನೆ ಏಳುತ್ತದೆ. ಎಷ್ಟೋ ಮೊಕದ್ದಮೆಗಳು ಬೀಳುವುದು ಇಲ್ಲಿ, ಇಲ್ಲವೇ ಪಂಚರು ಕಟಕಟೆಯಲ್ಲಿ ತಿರುಗಿಬಿದ್ದಾಗ.

ದಾಳಿಯ ಮೊದಲ ಹೆಜ್ಜೆಯೇ ತಪ್ಪಿದರೆ ಸೀಸೆ ಸಿಕ್ಕೂ ಪ್ರಯೋಜನವಿಲ್ಲ. 1965ರ ಮೈಸೂರು (ಈಗ ಕರ್ನಾಟಕ) ಅಬಕಾರಿ ಅಧಿನಿಯಮದ 54ನೇ ಕಲಮಿನಂತೆ ವಾರಂಟಿಲ್ಲದೆ ಶೋಧಿಸುವ ಅಧಿಕಾರಿ ತನ್ನ ನಂಬಿಕೆಗೆ ಕಾರಣಗಳನ್ನು ಮೊದಲು ಬರೆದಿಡಬೇಕು. ಕಾರೊಂದರಲ್ಲಿ ಮದ್ಯ ಸಿಕ್ಕ ಪ್ರಕರಣದಲ್ಲಿ ಆ ಬರಹ ಇರಲಿಲ್ಲ. 1979ರಲ್ಲಿ ಪ್ರಕಟವಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಡೀ ಶೋಧನೆಯನ್ನೇ ದೋಷಪೂರಿತವೆಂದು ಹೇಳಿ ಆರೋಪಿಯನ್ನು ಬಿಡುಗಡೆ ಮಾಡಿತು. ಒಂದು ಸಾಲು ಬರೆಯದಿದ್ದುದಕ್ಕೆ ಇಷ್ಟೇಕೆ ಎಂದು ಕೇಳುವವರಿದ್ದಾರೆ. ನಡುರಾತ್ರಿ ಮನೆಯ ಕದ ತಟ್ಟುವ ಅಧಿಕಾರಕ್ಕೆ ಆ ಸಾಲೇ ಕಡಿವಾಣ.

ಹಳೆಯ ಶಿಕ್ಷೆ ತೂಗುವುದು ಹೊಸ ಅಪರಾಧ ಸಾಬೀತಾದ ಮೇಲೆ, ಶಿಕ್ಷೆಯ ಪ್ರಮಾಣ ಹೆಚ್ಚಿಸಬೇಕಾದಾಗ. 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 211ನೇ ಕಲಮಿನಂತೆ ಆ ಶಿಕ್ಷೆಯ ಸಂಗತಿ, ದಿನಾಂಕ, ಸ್ಥಳ ದೋಷಾರೋಪದಲ್ಲಿ ನಮೂದಾಗಬೇಕಿತ್ತು. ವಾರಂಟ್ ಪ್ರಕರಣವಾದರೆ 248ನೇ ಕಲಮು ಅದನ್ನು ತಪ್ಪಿತಸ್ಥನೆಂಬ ತೀರ್ಮಾನಕ್ಕೆ ಮುನ್ನ ಓದಿ ಹೇಳುವುದನ್ನೂ ತಡೆಯುತ್ತಿತ್ತು.

ರುಜುವಾತಿನ ಬಗೆ ಅದೇ ಸಂಹಿತೆಯ 298ನೇ ಕಲಮಿನಲ್ಲಿತ್ತು: ಹಿಂದಿನ ನ್ಯಾಯಾಲಯದ ದೃಢೀಕೃತ ನಕಲು, ಜೈಲು ಅಧಿಕಾರಿಯ ಪ್ರಮಾಣಪತ್ರ, ಇಲ್ಲವೇ ಶಿಕ್ಷೆ ಅನುಭವಿಸಲು ಜೈಲಿಗೆ ಕಳುಹಿಸಿದ ವಾರಂಟು. ಕಾಗದ ತಂದರೆ ಕೆಲಸ ಮುಗಿಯಲಿಲ್ಲ. ಅದರಲ್ಲಿರುವ ವ್ಯಕ್ತಿ ಈತನೇ ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯ ಬೇಕು. ಒಂದೇ ಓಣಿಯಲ್ಲಿ ನಾಲ್ವರು ಬಸಪ್ಪಂದಿರು, ಅವರಲ್ಲಿ ಇಬ್ಬರ ತಂದೆಯ ಹೆಸರು ಕಲ್ಲಪ್ಪ ಎಂದಿರುವ ನಮ್ಮ ಊರುಗಳಲ್ಲಿ, ಆ ನಕಲಿನ ಹೆಸರನ್ನಷ್ಟೇ ನೋಡಿ ಎರಡನೇ ಸಲದ ಶಿಕ್ಷೆ ಬರೆಯುವಂತಿಲ್ಲ.