ಪದಬಂಧ

ಪತ್ರಿಕೆಯ ಚೌಕಮನೆಗಳನ್ನು ಸುಳಿವು ನೋಡಿ ತುಂಬುವ ಪದದಾಟ. ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು. ಕನ್ನಡ ಪದಬಂಧ ರಚನಕಾರರಲ್ಲಿ ಅ.ನಾ. ಪ್ರಹ್ಲಾದ ರಾವ್ ಪ್ರಸಿದ್ಧರು.

ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣ ಅಕ್ಷರ. ಒತ್ತು, ಗುಣಿತ ಎಲ್ಲವೂ ಅದರೊಳಗೇ. ಹೀಗಾಗಿ ಪದಗಳು ಗಿಡ್ಡ, ಹೆಣಿಗೆ ಕಷ್ಟ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳನ್ನೇ ನೋಡಿ: ಚನ್ನಗಿರಿ ಮತ್ತು ಜಗಳೂರಿಗೆ ನಾಲ್ಕು ಮನೆ, ಹೊನ್ನಾಳಿ ಮತ್ತು ನ್ಯಾಮತಿಗೆ ಮೂರು. ಚನ್ನಗಿರಿಯ 'ನ್ನ'ಗೂ ಹೊನ್ನಾಳಿಯ 'ನ್ನಾ'ಗೂ ಒಂದು ದೀರ್ಘದ ಅಂತರ, ಅಷ್ಟಕ್ಕೇ ಅವು ಕೂಡಲಾರವು. ನಾಲ್ಕೂ ಹೆಸರುಗಳಲ್ಲಿ ಸಮಾನ ಅಕ್ಷರ ಒಂದೂ ಇಲ್ಲ! ಜಗಳೂರಿನ 'ಜ'ದಿಂದ ಕೆಳಗಿಳಿದು ನ್ಯಾಮತಿಯ 'ತಿ' ಮುಟ್ಟಲು 'ಜಯಂತಿ'ಯಂಥ ಪದ ಬೇಕು.

ಬಿಡಿಸುವವರು ಸಾಮಾನ್ಯವಾಗಿ ಖಚಿತ ಉತ್ತರದಿಂದ ಆರಂಭಿಸುತ್ತಾರೆ. 'ಶಾಂತಿಸಾಗರದ ಇನ್ನೊಂದು ಹೆಸರು (4)' ಎಂದರೆ ಚನ್ನಗಿರಿಯವರಿಗೆ ತಮ್ಮ ತಾಲ್ಲೂಕಿನ ಸೂಳೆಕೆರೆ ತಟ್ಟನೆ ಹೊಳೆಯುತ್ತದೆ. ಹೊರಗಿನವರು ಅಡ್ಡಪದಗಳ ಆಸರೆ ಹುಡುಕಬೇಕು. ಸಮಾನಾರ್ಥಕಗಳದ್ದೇ ನಿಜವಾದ ತಂಟೆ: 'ನೀರು (2)' ಎಂದರೆ ಜಲವೋ, ವಾರಿಯೋ? ಹೆಣೆದ ಅಕ್ಷರ ಸಿಗುವವರೆಗೆ ಪೆನ್ಸಿಲ್ಲೇ ಕ್ಷೇಮ.